ಹಿಟ್ಲರ್ ಬರೂದ್ರಾಗ ಪಾರ್ಲಿಮೆಂಟ್ ಖಾಲಿ ಆಗಿತ್ತು

ಧಾರವಾಡದ ಸಪ್ತಾಪುರದಾಗ ಒಂದು ಕೋಚಿಂಗ್ ಕ್ಲಾಸಿನಾಗ ಇತಿಹಾಸ ಹೇಳಾಂವ ನಾನು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಹಾವೇರಿ, ಗದಗ, ಕೊಪ್ಪಳ ಕಡಿಂದ ಬಂದು ರೂಮ್ ಮಾಡ್ಕೊಂಡು ಓದೂ ಹುಡುಗ್ರು, ಅವ್ರಿಗೆ ಟೈಮ್ ಕಡಿಮಿ, ಸಿಲಬಸ್ ದೊಡ್ಡದು, ಹಿಂಗಾಗಿ ಎಲ್ಲಾದಕ್ಕೂ ಒಂದ ಸಾಲಿನ ಉತ್ತರ ಬೇಕು. ಜರ್ಮನಿ ಚಾಪ್ಟರ್ ಬಂತಂದ್ರ, ಹಿಟ್ಲರ್ ಯಾಕ ಬಂದ ಅನ್ನೂ ಪ್ರಶ್ನೆಗೆ ನಾಕು ಆಪ್ಷನ್ ರೆಡಿ ಇರ್ತಾವ: ವರ್ಸೇಲ್ಸ್ ಒಪ್ಪಂದ, ಹಣದುಬ್ಬರ, ಆರ್ಥಿಕ ಮಹಾಕುಸಿತ, ಮೇಲಿನ ಎಲ್ಲವೂ. ಪೆನ್ನು ಸೀದಾ ಡಿ ಮ್ಯಾಲ ಹೋಗ್ತೈತಿ. ಮಾರ್ಕ್ಸ್ ಬರ್ತಾವ, ನಾ ಏನೂ ಅನ್ನಾಂಗಿಲ್ಲ. ಆದ್ರ ಮೊನ್ನೆ ಶಿಗ್ಗಾವಿ ಕಡೆ ಹುಡುಗಿ ಒಬ್ಬಾಕಿ ಎದ್ದು ನಿಂತು, "ಸರ್, ಹಿಟ್ಲರ್ ಮೆಜಾರಿಟಿ ತಗೊಂಡ ಗೆದ್ದು ಬಂದಾನಲ್ರಿ, ಅಂದ್ಮ್ಯಾಲ ಅಲ್ಲಿ ಪ್ರಜಾಪ್ರಭುತ್ವ ಫೇಲ್ ಆತು ಅಂತ ಹೆಂಗ ಅಂತೀರಿ, ಪಾಸ್ ಆದಂಗ ಆತಲ್ರಿ?" ಅಂದ್ಲು. ಹಿಂದಿನ ಬೆಂಚಿನವ್ರು ನಕ್ಕರು. ಪ್ರಶ್ನೆ ಮಾತ್ರ ಸಣ್ಣದಲ್ಲ. ಕ್ಲಾಸಿನಾಗ ಗಡಿಬಿಡ್ಯಾಗ ಏನೋ ಹೇಳಿ ಮುಗಿಸ್ದೆ, ಇಲ್ಲಿ ಪುರುಸೊತ್ತಿಲೆ ಬರೀತೀನಿ.

ಮೊದಲ ಲೆಕ್ಕದ ಮಾತು. ಹಿಟ್ಲರ್‌ಗ ಮುಕ್ತ ಚುನಾವಣ್ಯಾಗ ಎಂದೂ ಬಹುಮತ ಬಂದಿಲ್ಲ. ಅವನ ಪಕ್ಷ ಮುಟ್ಟಿದ ಎತ್ತರ ಅಂದ್ರ 1932ರ ಜುಲೈ 31ರ ಚುನಾವಣೆ, ಶೇಕಡಾ 37.3 ವೋಟು, 608 ಸೀಟಿನಾಗ 230. ಅದಾಗಿ ಮೂರು ತಿಂಗಳಿಗೆ, ನವೆಂಬರ್ 6ಕ್ಕ ಮತ್ತ ಚುನಾವಣೆ ಆತು, ಅದ್ರಾಗ 33.1ಕ್ಕ ಇಳದ್ರು, 20 ಲಕ್ಷ ವೋಟು ಹೋದುವು, 34 ಸೀಟು ಹೋದುವು, ಪಕ್ಷದ ಖಜಾನಿನೂ ಬತ್ತಿತ್ತು. ಅಂದ್ರ ಇಳಿಜಾರಿನಾಗ ಇದ್ದಾಂವನ್ನ 1933ರ ಜನವರಿ 30ಕ್ಕ ಕರದು ಚಾನ್ಸಲರ್, ಅಂದ್ರ ನಮ್ಮ ಪ್ರಧಾನಿ ಇದ್ದಂಗ, ಆ ಕುರ್ಚಿ ಮ್ಯಾಲ ಕುಂಡ್ರಿಸಿದ್ರು. ಕುಂಡ್ರಿಸಿದ ಮ್ಯಾಲೂ, ಮಾರ್ಚ್ 5ರ ಚುನಾವಣ್ಯಾಗ, ರಸ್ತೆದಾಗೆಲ್ಲಾ ಅವನ ಕಂದು ಅಂಗಿ ಹುಡುಗ್ರು ಬಡಿಗಿ ಹಿಡ್ಕೊಂಡು ನಿಂತಾಗ, ಕಮ್ಯುನಿಸ್ಟರು ಜೇಲಿನಾಗ ಇದ್ದಾಗ, ಆಗೂ 43.9 ಅಷ್ಟ. ಹಂಗಾರ ಕರದವ್ರು ಯಾರು, ಕರಿಯೂ ಅಧಿಕಾರ ಅವ್ರ ಕೈಯಾಗ ಹೆಂಗ ಬಂತು ಅನ್ನೂದು ಕಥಿ.

ನನ್ನ ಅಭಿಪ್ರಾಯ ಕೇಳಿದ್ರ, ಜರ್ಮನಿ ಪ್ರಜಾಪ್ರಭುತ್ವ ಬಿದ್ದ ತಾರೀಖು 1933ರಾಗ ಇಲ್ಲ. 1930ರ ಮಾರ್ಚ್ 27. ಅವತ್ತ ಬೆಂಕಿ ಹತ್ಲಿಲ್ಲ, ಗುಂಡು ಹಾರ್ಲಿಲ್ಲ, ಒಂದು ಸಮ್ಮಿಶ್ರ ಸರ್ಕಾರ ರಾಜೀನಾಮೆ ಕೊಡ್ತು, ಅಷ್ಟ. ಹರ್ಮನ್ ಮ್ಯುಲರ್ ಅಂತ ಸೋಶಿಯಲ್ ಡೆಮಾಕ್ರಾಟ್ ಚಾನ್ಸಲರ್ ಇದ್ದ. ಐದು ಪಕ್ಷದ ಗಾಡಿ ಅದು, ಒಂದ್ಕಡೆ ಕಾರ್ಮಿಕ್ರ ಪಕ್ಷ, ಇನ್ನೊಂದ್ಕಡೆ ಫ್ಯಾಕ್ಟರಿ ಮಾಲಕರ ಪರವಾದ ಪೀಪಲ್ಸ್ ಪಾರ್ಟಿ, ನಡುವ ಕ್ಯಾಥೊಲಿಕ್‌ರ ಸೆಂಟರ್ ಪಾರ್ಟಿ. ಜಗಳ ಆಗಿದ್ದು ನಿರುದ್ಯೋಗ ವಿಮಾದ ಮ್ಯಾಲ. 1927ರಾಗ ಆ ವಿಮಾ ಶುರು ಮಾಡಿದಾಗ ಸುಮಾರು 8 ಲಕ್ಷ ಮಂದಿಗೆ ಸಾಲೂ ಲೆಕ್ಕ ಹಾಕಿದ್ರು. 1930ರ ಜನವರಿ ಹೊತ್ತಿಗೆ ಕೆಲಸ ಇಲ್ದವರು 30 ಲಕ್ಷ ದಾಟಿದ್ರು. ಫಂಡ್ ತೂತು ಬಿತ್ತು. ಅದನ್ನ ತುಂಬಾಕ ಪಗಾರದಿಂದ ಕಟ್ಟೂ ಕಂತು ಮೂರೂವರೆ ಪರ್ಸೆಂಟಿಂದ ನಾಕಕ್ಕ ಏರಿಸ್ಬೇಕು ಅಂತ ಒಬ್ರು, ಏರ್ಸಬ್ಯಾಡ್ರಿ, ಕೊಡೂ ಭತ್ಯಾ ಕಡಿಮಿ ಮಾಡ್ರಿ ಅಂತ ಇನ್ನೊಬ್ರು. ಅರ್ಧ ಪರ್ಸೆಂಟ್! ನಡುವ ಒಂದು ರಾಜಿ ಸೂತ್ರನೂ ಬಂದಿತ್ತು, ಚಾನ್ಸಲರ್ ಮ್ಯುಲರ್‌ಗ ಒಪ್ಪಿಗಿ ಇತ್ತು, ಆದ್ರ ಅವನ ಪಕ್ಷದವರ, ಕಾರ್ಮಿಕ ಸಂಘಟನೆಗಳ ಒತ್ತಾಯಕ್ಕ, ಬ್ಯಾಡ ಅಂದ್ರು. ಸರ್ಕಾರ ಬಿತ್ತು.

ಕಾರ್ಮಿಕ್ರ ಪಕ್ಷಕ್ಕ ಕಾರ್ಮಿಕ್ರ ಭತ್ಯಾ ಬಿಟ್ಟುಕೊಡಾಕ ಆಗೂದಿಲ್ಲ, ಅದು ನನಗೂ ತಿಳಿತೈತಿ. ಆದ್ರ ಅವ್ರಿಗೆ ಅಂದಾಜ ಆಗ್ಲಿಲ್ಲ, ಈ ಸರ್ಕಾರ ಹೋದ್ರ ಇನ್ನೊಂದು ಸಮ್ಮಿಶ್ರ ಸರ್ಕಾರ ಬರ್ತೈತಿ, ಹತ್ತು ವರ್ಷದಿಂದ ಹಿಂಗ ನಡದೈತಿ ಅಂತ ತಿಳ್ಕೊಂಡ್ರು. ಖರೇ, ಅಲ್ಲಿ ಸರ್ಕಾರ ಬದಲಾಗೂದು ಹೊಸಾದೇನೂ ಇರ್ಲಿಲ್ಲ, 14 ವರ್ಷದಾಗ ಇಪ್ಪತ್ತರ ಹತ್ರ ಮಂತ್ರಿಮಂಡಲ ಬಂದು ಹೋಗ್ಯಾವ. ಈ ಸಲ ಬಾಗಲದ ಹಿಂದ ಬ್ಯಾರೆ ಮಂದಿ ಕಾಯಾಕತ್ತಿದ್ರು. ಅಧ್ಯಕ್ಷ ಹಿಂಡೆನ್‌ಬರ್ಗ್ ಸುತ್ತ ಇದ್ದ ಮಿಲಿಟರಿ ಬಳಗ, ಅದ್ರಾಗ ಜನರಲ್ ಶ್ಲೈಶರ್ ಅನ್ನಾಂವ ಮುಖ್ಯ, ಸೋಶಿಯಲ್ ಡೆಮಾಕ್ರಾಟ್ಸ್ ಇಲ್ದ, ಸಾಧ್ಯ ಆದ್ರ ಪಾರ್ಲಿಮೆಂಟ್ ಹಂಗಿಲ್ದ ನಡಿಯೂ ಸರ್ಕಾರದ ಪ್ಲಾನ್ ಮೊದಲ ಹಾಕಿಟ್ಟಿದ್ರು. ಯಾರನ್ನ ತರಬೇಕು ಅನ್ನೂದೂ ಮಾತಾಗಿತ್ತು. ಮ್ಯುಲರ್ ಹೋದ ಮೂರು ದಿನಕ್ಕ, ಮಾರ್ಚ್ 30ಕ್ಕ ಸೆಂಟರ್ ಪಾರ್ಟಿಯ ಹೈನ್‌ರಿಖ್ ಬ್ರೂನಿಂಗ್ ಚಾನ್ಸಲರ್ ಆಗಿ ಬಂದ. ಮ್ಯುಲರ್ ಕೇಳಿದಾಗ ಕೊಡದಿದ್ದ ತುರ್ತು ಅಧಿಕಾರವನ್ನ ಹಿಂಡೆನ್‌ಬರ್ಗ್ ಬ್ರೂನಿಂಗ್‌ಗ ಕೊಟ್ಟ.

ಈ ತುರ್ತು ಅಧಿಕಾರ ಅಂದ್ರ ಸಂವಿಧಾನದ 48ನೇ ಕಲಂ. ನಮ್ಮ ಹುಡುಗ್ರಿಗೆ ನಂಬರ್ ಬಾಯಿಪಾಠ ಇರ್ತೈತಿ, ಅದು ಹೆಂಗ ಕೆಲಸ ಮಾಡ್ತಿತ್ತು ಅಂತ ಕೇಳಿದ್ರ ಮಾಡು ನೋಡ್ತಾರ. ಹಿಂಗ ನೋಡ್ರಿ: ದೇಶದ ಶಾಂತಿಗೆ ಧಕ್ಕೆ ಬಂದಾಗ ಅಧ್ಯಕ್ಷ ಪಾರ್ಲಿಮೆಂಟ್ ಕೇಳ್ದ ಆಜ್ಞೆ ಹೊರಡಿಸ್ಬಹುದು. ಆದ್ರ ಪಾರ್ಲಿಮೆಂಟ್ ಬಹುಮತದಿಂದ ಅದನ್ನ ರದ್ದು ಮಾಡ್ಬಹುದು. ಇಲ್ಲೀತನಕ ಸರಿ ಐತಿ. ಆದ್ರ 25ನೇ ಕಲಂ ಪ್ರಕಾರ ಅಧ್ಯಕ್ಷ ಪಾರ್ಲಿಮೆಂಟನ್ನ ವಿಸರ್ಜನೆ ಮಾಡ್ಬಹುದು, ಮತ್ತ 53ನೇ ಕಲಂ ಪ್ರಕಾರ ಚಾನ್ಸಲರ್‌ನ ನೇಮಕ ಮಾಡಾಂವ ಅಧ್ಯಕ್ಷನ. ಈ ಮೂರನ್ನೂ ಒಂದ ಕೈಯಾಗ ಹಿಡ್ಕೊಂಡ್ರ ಏನಾಕ್ಕೈತಿ ಹೇಳ್ರಿ? ಆಜ್ಞೆ ಹೊರಡಿಸೂದು, ಪಾರ್ಲಿಮೆಂಟ್ ಬ್ಯಾಡ ಅಂದ್ರ ಅದನ್ನ ಮನಿಗೆ ಕಳಸೂದು, ಮತ್ತ ಅದ ಆಜ್ಞೆ ಹೊರಡಿಸೂದು. 1930ರ ಜುಲೈನಾಗ ಖರೇನ ಹಿಂಗ ಆತು. ಬ್ರೂನಿಂಗ್‌ನ ಬಜೆಟ್ ಆಜ್ಞೆಯನ್ನ ರೈಖ್‌ಸ್ಟಾಗ್, ಅಂದ್ರ ಜರ್ಮನಿ ಪಾರ್ಲಿಮೆಂಟ್, 236ಕ್ಕ 222 ವೋಟಿಂದ ತಳ್ಳಿಹಾಕ್ತು, ಅವತ್ತ ರೈಖ್‌ಸ್ಟಾಗ್ ವಿಸರ್ಜನೆ ಆತು, ಸ್ವಲ್ಪ ದಿನಕ್ಕ ಆಜ್ಞೆ ವಾಪಸ್ ಬಂತು.

ಆ ಕಲಂ ಇದ್ದದ್ದು ತಪ್ಪಲ್ಲ ಅಂತೀನಿ ನಾನು, ಬಸ್ಸಿಗೆ ಸ್ಟೆಪ್ನಿ ಬೇಕ. ಮೊದಲ ಅಧ್ಯಕ್ಷ ಎಬರ್ಟ್‌ನೂ ಅದನ್ನ ಭಾಳ ಸಲ ಬಳಸ್ಯಾನ, 1923ರ ಗದ್ದಲದಾಗಂತೂ ಸಾಕಷ್ಟು, ಆದ್ರ ಗಾಡಿ ರಿಪೇರಿ ಆದ ಮ್ಯಾಲ ತಗದು ಹಿಂದ ಇಟ್ಟ. ಬ್ರೂನಿಂಗ್ ಕಾಲದಾಗ ಸ್ಟೆಪ್ನಿ ಮ್ಯಾಲ ಗಾಡಿ ಓಡಾಕ ಹತ್ತಿತು. 1930ರಾಗ ಪಾರ್ಲಿಮೆಂಟ್ ಪಾಸ್ ಮಾಡಿದ ಕಾನೂನು 98, ತುರ್ತು ಆಜ್ಞೆ 5. 1931ರಾಗ ಕಾನೂನು 34, ಆಜ್ಞೆ 44. 1932ರಾಗ ಕಾನೂನು ಬರೇ 5, ಆಜ್ಞೆ ಅರವತ್ತರ ಆಸುಪಾಸು. ಪಾರ್ಲಿಮೆಂಟ್ ಕೂತಿದ್ದು 1930ರಾಗ 94 ದಿನ, 1932ರಾಗ 13 ದಿನ. ಹದಿಮೂರು! ಕ್ಲಾಸಿನಾಗ ಈ ಅಂಕಿ ಬೋರ್ಡ್ ಮ್ಯಾಲ ಬರದು ಸುಮ್ನ ನಿಂತೆ. ಒಬ್ಬ ಹುಡುಗ "ಹಂಗಾರ ಹಿಟ್ಲರ್ ಮುಚ್ಚಿದ್ದರ ಏನ್ರಿ ಸರ್?" ಅಂದ. ಹೇಳೂದನ್ನ ಅವನ ಹೇಳಿದಂಗ ಆತು.

ಈಗ ವರ್ಸೇಲ್ಸ್ ಬಗ್ಗೆ ಒಂದೀಟು, ಯಾಕಂದ್ರ ಅದನ್ನ ಬಿಟ್ರ ಹುಡುಗ್ರ ಬಿಡೂದಿಲ್ಲ. 132 ಬಿಲಿಯನ್ ಚಿನ್ನದ ಮಾರ್ಕ್ ಪರಿಹಾರ, ಸೈನ್ಯಕ್ಕ ಒಂದು ಲಕ್ಷದ ಮಿತಿ, ಯುದ್ಧದ ಹೊಣೆ ಪೂರಾ ನಿಮ್ದ ಅನ್ನೂ 231ನೇ ಕಲಂ, ಎಲ್ಲಾ ಖರೇ. ಆದ್ರ ಒಪ್ಪಂದಕ್ಕಿಂತ ಕೆಟ್ಟ ಕೆಲಸ ಮಾಡಿದ್ದು ಒಂದು ಸುಳ್ಳು. 1918ರಾಗ ಯುದ್ಧ ಸೋತದ್ದು ಜನರಲ್‌ಗಳು. ನವೆಂಬರ್ 11ಕ್ಕ ಕದನವಿರಾಮದ ಕಾಗದಕ್ಕ ಸಹಿ ಮಾಡಾಕ ಕಳಿಸಿದ್ದು ಎರ್ಜ್‌ಬರ್ಗರ್ ಅನ್ನೂ ಸೆಂಟರ್ ಪಾರ್ಟಿ ರಾಜಕಾರಣಿನ್ನ. ಮುಂದಿನ ವರ್ಷ ಅದ ಹಿಂಡೆನ್‌ಬರ್ಗ್, ಸೋತ ಸೈನ್ಯದ ಮುಖ್ಯಸ್ಥ, ಪಾರ್ಲಿಮೆಂಟ್ ಸಮಿತಿ ಮುಂದ ಬಂದು ನಮ್ಮ ಸೈನ್ಯ ಸೋಲ್ಲಿಲ್ಲ, ಹಿಂದಿಂದ ಚೂರಿ ಹಾಕ್ಯಾರ ಅಂತ ಹೇಳಿ ಹೋದ. ಮಂದಿ ನಂಬಿತು. ಎರ್ಜ್‌ಬರ್ಗರ್‌ನ 1921ರ ಆಗಸ್ಟಿನಾಗ ಗುಂಡಿಟ್ಟು ಕೊಂದ್ರು. ಸುಳ್ಳು ಹೇಳಿದಾಂವ 1925ರಾಗ ಅಧ್ಯಕ್ಷ ಆದ. ಯಾವ ಗಣರಾಜ್ಯವನ್ನ ಬೈದನೋ ಅದರ ಸಂವಿಧಾನ ಕಾಯ್ತೀನಿ ಅಂತ ಪ್ರಮಾಣ ತಗೊಂಡ, ಮತ್ತ ಆ ಮೂರು ಕಲಂ ಅವನ ಕೈಗೆ ಬಂದುವು.

ಕೋರ್ಟ್ ಕಥಿನೂ ಇದ ಜಾತಿದು. ರಾಜ ಓಡಿಹೋದ, ಅವನ ನ್ಯಾಯಾಧೀಶರು ಅಲ್ಲೇ ಉಳದ್ರು. ಎಮಿಲ್ ಗುಂಬೆಲ್ ಅಂತ ಒಬ್ಬ ಗಣಿತದ ಮನಿಷಾ ಇದ್ದ, ಸ್ಟ್ಯಾಟಿಸ್ಟಿಕ್ಸ್ ಹೇಳಾಂವ, ಅಂವ ಕುಂತು 1922ರ ತನಕದ ರಾಜಕೀಯ ಕೊಲೆಗಳ ಲೆಕ್ಕ ತಗದ. ಬಲಪಂಥದವ್ರು ಮಾಡಿದ ಕೊಲೆ 354, ಅದ್ರಾಗ 326ಕ್ಕ ಶಿಕ್ಷೆನ ಇಲ್ಲ. ಎಡಪಂಥದವ್ರು ಮಾಡಿದ ಕೊಲೆ 22, ಅದಕ್ಕ 10 ಮಂದಿಗೆ ಮರಣದಂಡನೆ. ಈ ಲೆಕ್ಕ ತಗದ ತಪ್ಪಿಗೋ ಏನೋ, ಗುಂಬೆಲ್‌ನ ಹೈಡೆಲ್‌ಬರ್ಗ್ ಯೂನಿವರ್ಸಿಟಿಯ ಬಲಪಂಥದ ವಿದ್ಯಾರ್ಥಿಗಳು ವರ್ಷಗಟ್ಲೆ ಕಾಡಿದ್ರು, 1932ರಾಗ ಕೆಲಸನೂ ಹೋತು. ಹಿಟ್ಲರ್ 1923ರ ನವೆಂಬರ್‌ನಾಗ ಮ್ಯೂನಿಕ್ ಬಿಯರ್ ಹಾಲಿನಿಂದ ಸರ್ಕಾರ ಉರುಳಿಸಾಕ ಹೊಂಟು, ಪೊಲೀಸ್ರು ಸತ್ತು, ದೇಶದ್ರೋಹ ಸಾಬೀತಾಗಿ, ಐದು ವರ್ಷ ಶಿಕ್ಷೆ ಆಗಿ, 1924ರ ಡಿಸೆಂಬರ್‌ನಾಗ ಹೊರಗ ಬಂದಿದ್ದ. ಅದ ಡಿಸೆಂಬರ್‌ನಾಗ ಮ್ಯಾಗ್ಡೆಬರ್ಗ್‌ನ ಒಂದು ಕೋರ್ಟ್, ದೇಶದ ಅಧ್ಯಕ್ಷ ಎಬರ್ಟ್ 1918ರ ಮುಷ್ಕರದಾಗ ಸೇರಿದ್ದು ಕಾನೂನಿನ ಪ್ರಕಾರ ದೇಶದ್ರೋಹ ಅಂತ ಬರೀತು. ಎಬರ್ಟ್ ಆ ಕೇಸಿನ ಗುಂಗಿನಾಗ ಹೊಟ್ಟಿನೋವು ಮುಂದ ಹಾಕ್ಕೊಂತ ಹೋದ, ಅಪೆಂಡಿಕ್ಸ್ ಆಗಿತ್ತು, 1925ರ ಫೆಬ್ರವರಿಯಾಗ ಸತ್ತ. ವಯಸ್ಸು 54. ಅಂವ ಇನ್ನೊಂದೈದಾರು ವರ್ಷ ಇದ್ದಿದ್ರ ಅಂತ ನಾ ಒಮ್ಮೊಮ್ಮೆ ಅನ್ಕೋತೀನಿ, ಇರ್ಲಿ.

ಹಣದುಬ್ಬರದ ಬಗ್ಗೆ ಮಾತ್ರ ಹುಡುಗ್ರಿಗೆ ಒಂದು ತಪ್ಪು ತಿಳುವಳಿಕೆ ಐತಿ. ಗಾಡಿ ತುಂಬ ನೋಟು ದಬ್ಬಿಕೊಂಡು ಬ್ರೆಡ್ ತರಾಕ ಹೊಂಟ ಫೋಟೋ ಎಲ್ಲಾರೂ ನೋಡ್ಯಾರ, ಹಂಗಾಗಿ ಅದರ ಮರುದಿನನ ಹಿಟ್ಲರ್ ಬಂದ ಅಂತ ತಿಳ್ಕೋತಾರ. ಆ ಹಣದುಬ್ಬರ 1923ರದು, ಒಂದು ಡಾಲರ್‌ಗ 4.2 ಲಕ್ಷ ಕೋಟಿ ಮಾರ್ಕ್, ನವೆಂಬರ್‌ನಾಗ ಹೊಸ ನಾಣ್ಯ ತಂದು ನಿಲ್ಲಿಸಿದ್ರು. ಅದಾಗಿ ಐದು ವರ್ಷಕ್ಕ, 1928ರ ಮೇನಾಗ ಹಿಟ್ಲರ್ ಪಕ್ಷಕ್ಕ ಬಂದ ವೋಟು ಶೇಕಡಾ 2.6, ಸೀಟು 12. ಉಳಿತಾಯ ಕಳಕೊಂಡ ಮಧ್ಯಮವರ್ಗದವ್ರ ಸಿಟ್ಟು ಒಳಗ ಕುಂತಿತ್ತು ನಿಜ, ಆದ್ರ ಅದೊಂದ ಸಾಕಾಗ್ಲಿಲ್ಲ. 1930ರ ಸೆಪ್ಟೆಂಬರ್ 14ಕ್ಕ ಅದ ಪಕ್ಷ 18.3 ಪರ್ಸೆಂಟ್, 107 ಸೀಟು. ನಡುವ ಎರಡೂ ಕಾಲು ವರ್ಷ. ಎಲ್ಲಿಂದ ಬಂದುವು ಈ ವೋಟು?

ಇಲ್ಲಿ ನಾ ಹುಡುಗ್ರನ್ನ ಬರ್ಲಿನ್ ಬಿಟ್ಟು ಹಳ್ಳಿಗೆ ಕರ್ಕೊಂಡು ಹೊಕ್ಕೀನಿ. ಡೆನ್ಮಾರ್ಕ್ ಗಡಿಗೆ ಹತ್ತಿದ ಶ್ಲೆಸ್‌ವಿಗ್ ಹೋಲ್‌ಸ್ಟೈನ್ ಅಂತ ಪ್ರಾಂತ್ಯ, ದನ, ಹಂದಿ, ಹುಲ್ಲುಗಾವಲು, ಸ್ವಂತ ಹೊಲದ ಒಕ್ಕಲಿಗರು. ಹೊಸ ನಾಣ್ಯ ಬಂದ ಮ್ಯಾಲ ಬಡ್ಡಿ ಏರ್ತು, ಮಾಲಿನ ರೇಟ್ ಇಳೀತು, ಸಾಲ ಬೆಳೀತು, ತೆರಿಗೆ ನೋಟಿಸ್ ಬಂದುವು, ಜಪ್ತಿ ಶುರು ಆದುವು. 1928ರ ಜನವರಿಯಾಗ ಒಂದ ದಿನ ಪ್ರಾಂತ್ಯದ ತುಂಬ ಲಕ್ಷಕ್ಕೂ ಮಿಕ್ಕಿ ರೈತರು ಪ್ಯಾಟಿಗೆ ಬಂದು ನಿಂತ್ರು, ಶಾಂತ ರೀತಿಯಿಂದ. ಏನೂ ಆಗ್ಲಿಲ್ಲ. ಅದ ವರ್ಷ ನವೆಂಬರ್‌ನಾಗ ಬೈಡನ್‌ಫ್ಲೆಟ್ ಅನ್ನೂ ಊರಾಗ ತೆರಿಗೆ ಬಾಕಿಗೆ ಜಪ್ತಿ ಆದ ಎತ್ತುಗಳನ್ನ ಹೊಡ್ಕೊಂಡು ಹೋಗಾಕ ಬಂದ್ರು. ಊರವ್ರು ದಾರಿ ಮ್ಯಾಲ ಹುಲ್ಲಿಗೆ ಬೆಂಕಿ ಹಚ್ಚಿದ್ರು. ಎತ್ತು ಬೆದರಿ ತಿರುಗಿ ಸೀದಾ ತಮ್ಮ ಕೊಟ್ಟಿಗಿಗೆ ಓಡಿದುವು. ಜಪ್ತಿ ಮಾಡಾಕ ಬಂದವ್ರು ಖಾಲಿ ಕೈಲೆ ಹೋದ್ರು, ಆಮ್ಯಾಲ ಊರ ಮಂದಿ ಮ್ಯಾಲ ಕೇಸ್ ಬಿತ್ತು. ಮುಂದಿನ ವರ್ಷ ನೋಯ್‌ಮ್ಯುನ್‌ಸ್ಟರ್ ಪ್ಯಾಟ್ಯಾಗ ಕರೇ ಬಾವುಟ ಹಿಡದು ಮೆರವಣಿಗಿ, ಪೊಲೀಸ್ ಲಾಠಿ, ಅದಕ್ಕ ರೈತರು ಆ ಪ್ಯಾಟಿನ್ನ ಬಹಿಷ್ಕಾರ ಹಾಕಿದ್ರು, ಸಂತಿಗೂ ಬರಾಂಗಿಲ್ಲ, ಅಂಗಡಿಗೂ ಬರಾಂಗಿಲ್ಲ. ಕೆಲವರು ಸರ್ಕಾರಿ ಆಫೀಸಿಗೆ ಬಾಂಬ್ ಇಡೂಮಟ ಹೋದ್ರು.

ಈ ಕಥಿ ಹೇಳೂ ಮುಂದ ನರಗುಂದ ನವಲಗುಂದ ಹುಡುಗ್ರು ತಾವ ತಾವ ಮಕ ಮಕ ನೋಡ್ಕೋತಾರ. ಯಾಕಂದ್ರ ಇದು ಅವ್ರ ಅಜ್ಜ ಮುತ್ಯಾರ ಕಥಿ. 1980ರ ಜುಲೈ 21. ಮಲಪ್ರಭಾ ಕಾಲುವಿ ಅಚ್ಚುಕಟ್ಟು, ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಹೊಲದ ಬೆಲೆ ಏರ್ತು ಅಂತ ಹಾಕೂ ಕರ), ನೀರಿನ ಕರ, ವಸೂಲಿಗೆ ಗಟ್ಟಿ ಬಿದ್ದ ಅಧಿಕಾರಿಗಳು. ನವಲಗುಂದದಾಗ, ನರಗುಂದದಾಗ ಗೋಲಿಬಾರ್ ಆತು, ರೈತರು ಸತ್ರು, ಪೊಲೀಸ್ರ ಕಡೀನೂ ಜೀವ ಹೋದುವು. ನಮ್ಮ ದೊಡ್ಡಪ್ಪ ಅವತ್ತ ನರಗುಂದದಾಗ ಇದ್ದಾಂವ. ಅಂವ ಇದ್ದಷ್ಟು ದಿನ ಆ ಲೆವಿ ನೋಟಿಸಿನ ಕಾಗದ ಜಂತಿಗೆ ಸಿಕ್ಕಿಸಿದ ಚೀಟಿಗಳ ಜೋಡಿ ಜ್ವಾಪಾನ ಇಟ್ಟಿದ್ದ, ಯಾಕೋ ದೊಡ್ಡಪ್ಪ ಅಂದ್ರ "ಇರ್ಲಿ ಬಿಡೋ, ಮತ್ತ ಕೇಳಿದ್ರ ತೋರ್ಸಾಕ ಬೇಕು" ಅಂತಿದ್ದ.

ಸಿಟ್ಟು ಎರಡೂ ಕಡೆ ಒಂದ. ಆದ್ರ ಮುಂದ ಆಗಿದ್ದು ಬ್ಯಾರೆ. ಇಲ್ಲಿ ಆ ಸಿಟ್ಟಿನಿಂದ ರಾಜ್ಯ ರೈತ ಸಂಘ ಹುಟ್ಟಿತು, 1983ರ ಚುನಾವಣ್ಯಾಗ ಗುಂಡೂರಾವ್ ಸರ್ಕಾರ ಬಿತ್ತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದ್ರು. ರೈತರ ಸಿಟ್ಟೊಂದರಿಂದನ ಸರ್ಕಾರ ಬಿತ್ತು ಅಂತ ಹೇಳಾಂಗಿಲ್ಲ, ಬ್ಯಾರೆ ಕಾರಣ ಇದ್ದುವು. ಹೆಗಡೆಯವ್ರ ಸರ್ಕಾರ ರೈತರ ಕಷ್ಟ ಎಲ್ಲಾ ಕಳೀತೇನು ಅಂದ್ರ ಅದೂ ಇಲ್ಲ. ಆದ್ರ ಗುಂಡಿ ಒತ್ತಿದ್ರ ದೀಪ ಹತ್ತತೈತಿ ಅನ್ನೂದು ಮಂದಿಗೆ ಕಂಡಿತು: ವೋಟು ಹಾಕಿದ್ವಿ, ಇದ್ದವ್ರು ಹೋದ್ರು, ಬ್ಯಾರೆಯವ್ರು ಬಂದ್ರು. ಜರ್ಮನಿ ರೈತನ ಸ್ಥಿತಿ ನೋಡ್ರಿ ಈಗ. ಶ್ಲೆಸ್‌ವಿಗ್ ಹೋಲ್‌ಸ್ಟೈನ್ ಪ್ರಶ್ಯಾ ರಾಜ್ಯದಾಗ ಬರ್ತಿತ್ತು. 1932 ಒಂದ ವರ್ಷದಾಗ ಅಲ್ಲಿ ರೈತ ಐದು ಸಲ ಮತಗಟ್ಟಿಗೆ ಹೋದ, ಮಾರ್ಚ್ 13 ಮತ್ತ ಏಪ್ರಿಲ್ 10ಕ್ಕ ಅಧ್ಯಕ್ಷನ ಚುನಾವಣೆ, ಏಪ್ರಿಲ್ 24ಕ್ಕ ರಾಜ್ಯದ್ದು, ಜುಲೈ 31 ಮತ್ತ ನವೆಂಬರ್ 6ಕ್ಕ ರೈಖ್‌ಸ್ಟಾಗ್. ಇಷ್ಟು ವೋಟು ಹಾಕಿ ಚಾನ್ಸಲರ್ ಯಾರಾಗಬೇಕು ಅನ್ನೂದರ ಮ್ಯಾಲ ಅವಂಗ ಎಷ್ಟು ಹಿಡಿತ ಇತ್ತು? ಸೊನ್ನೆ. ಚಾನ್ಸಲರ್ ಇರೂದು ಹೋಗೂದು ಒಬ್ಬ 84 ವರ್ಷದ ಮುದುಕನ ಮನಿಯ ಹಜಾರದಾಗ ತೀರ್ಮಾನ ಆಕ್ಕಿತ್ತು. ಬ್ರೂನಿಂಗ್‌ನ ಮೇ 30ಕ್ಕ ತಗದ್ರು, ವೋಟರ್ ತಗೀಲಿಲ್ಲ, ಹಿಂಡೆನ್‌ಬರ್ಗ್ ತಗದ. ಅವನ ಜಾಗಾಕ್ಕ ಬಂದ ಪಾಪೆನ್‌ಗ ಪಾರ್ಲಿಮೆಂಟಿನಾಗ ಎಷ್ಟು ಬೆಂಬಲ ಇತ್ತು ಅನ್ನೂದು ಸೆಪ್ಟೆಂಬರ್ 12ಕ್ಕ ಗೊತ್ತಾತು, ಅವಿಶ್ವಾಸ ಗೊತ್ತುವಳಿ ಮ್ಯಾಲ ಅವನ ವಿರುದ್ಧ 512, ಪರ 42. ನಮ್ಮ ವಿಧಾನಸಭಾದಾಗ ಹಿಂಗಾಗಿದ್ರ ರಾತ್ರಿಗೆ ಬಂಗ್ಲೆ ಖಾಲಿ ಮಾಡ್ಬೇಕಿತ್ತು. ಪಾಪೆನ್ ಆರಾಮ್ ಕುಂತ, ಪಾರ್ಲಿಮೆಂಟ್ ವಿಸರ್ಜನೆ ಆತು.

ಇಂಥಾ ಮನಿಗೆ ಬೆಂಕಿ ಹಚ್ತೀನಿ ಅಂದಾವಂಗ ವೋಟು ಹಾಕಿದ್ರ ಆಶ್ಚರ್ಯ ಏನೈತಿ? ಶ್ಲೆಸ್‌ವಿಗ್ ಹೋಲ್‌ಸ್ಟೈನ್‌ನಾಗ ನಾಜಿ ಪಕ್ಷಕ್ಕ 1928ರಾಗ ಶೇಕಡಾ 4, 1930ರಾಗ 27, 1932ರ ಜುಲೈನಾಗ 51. ಆ ಕರೇ ಬಾವುಟದ ರೈತರ ಚಳವಳಿ ಒಡದು ಹೋಗಿತ್ತು, ಬಾಂಬ್ ಇಟ್ಟವ್ರು ಜೇಲಿಗೆ ಹೋಗಿದ್ರು. ಹಿಟ್ಲರ್ ಬಾಂಬಿನವರಿಂದ ದೂರ ನಿಂತ, ಅವ್ರ ಬೆನ್ನಿಗಿದ್ದ ಮಂದಿನ್ನ ಮಾತ್ರ ಒಬ್ಬೊಬ್ಬರನ್ನ ಒಳಗ ತಗೊಂಡ, 1930ರಿಂದ ರೈತರಿಗಂತನ ಬ್ಯಾರೆ ವಿಭಾಗ ಕಟ್ಟಿದ. ಸರ್ಕಾರದ ರೊಕ್ಕ ಎಲ್ಲಿಗೆ ಹೋತು ಅಂದ್ರ, ಪೂರ್ವದ ದೊಡ್ಡ ಜಮೀನ್ದಾರ್ರಿಗೆ. ಪೂರ್ವ ನೆರವು ಅಂತ ಯೋಜನಾ ಮಾಡಿ ಸಾವಿರಾರು ಎಕರೆಯವ್ರ ಸಾಲ ಹಗುರ ಮಾಡಿದ್ರು. ಹಿಂಡೆನ್‌ಬರ್ಗ್ ಸ್ವತಃ ಅವ್ರ ಪೈಕಿ. 1927ರಾಗ ಅವನ 80ನೇ ಹುಟ್ಟುಹಬ್ಬಕ್ಕ ಉದ್ಯಮಿಗಳು, ಜಮೀನ್ದಾರ್ರು ಪಟ್ಟಿ ಎತ್ತಿ ನೋಯ್‌ಡೆಕ್ ಎಸ್ಟೇಟ್ ಕೊಡಿಸಿದ್ರು, ಕಾಗದ ಮಾತ್ರ ಮಗನ ಹೆಸರಿಗೆ, ವಾರಸಾ ತೆರಿಗೆ ಉಳೀಲಿ ಅಂತ. ಎತ್ತು ಜಪ್ತಿ ಮಾಡಿಸ್ಕೊಂಡ ಒಕ್ಕಲಿಗನಿಗೆ ಈ ಸುದ್ದಿ ಮುಟ್ಟಿದ್ರ ಹೆಂಗಾಗಿರ್ಬೇಡ.

ಪೇಟಿ ನಿರುದ್ಯೋಗಿಗಳ ಕಥಿ ಬ್ಯಾರೆ, ಅವ್ರು ನಾಜಿಗಿಂತ ಹೆಚ್ಚು ಕಮ್ಯುನಿಸ್ಟ್‌ರ ಕಡೆ ಹೋದ್ರು. 1932ರ ಶುರುವಿಗೆ ಕೆಲಸ ಇಲ್ದವರು 60 ಲಕ್ಷ. ಬ್ರೂನಿಂಗ್ ಮಾತ್ರ ಪಗಾರ ಕಡಿತ, ಭತ್ಯಾ ಕಡಿತ, ತೆರಿಗೆ ಏರಿಕೆ ಅಂತ ಒಂದಾದ ಮ್ಯಾಲ ಒಂದು ಆಜ್ಞೆ ತಂದ, 1931ರ ಜುಲೈನಾಗ ದೊಡ್ಡ ಬ್ಯಾಂಕ್ ಬಾಗಲಾ ಹಾಕಿದ್ರೂ ಹಟ ಬಿಡ್ಲಿಲ್ಲ. ಮಂದಿ ಅವಂಗ ಹಸಿವಿನ ಚಾನ್ಸಲರ್ ಅಂತ ಹೆಸರಿಟ್ರು. ಸೋಶಿಯಲ್ ಡೆಮಾಕ್ರಾಟ್ಸ್ ಆ ಆಜ್ಞೆಗಳನ್ನ ಮನಸ್ಸಿಲ್ದ ಮನಸ್ಸಿಂದ ಸಹಿಸಿದ್ರು, ಬ್ರೂನಿಂಗ್ ಹೋದ್ರ ಹಿಟ್ಲರ್ ಬರ್ತಾನ ಅನ್ನೂ ಹೆದರಿಕಿಲೆ. ಸರ್ಕಾರದಾಗ ಇಲ್ಲ, ವಿರೋಧಾನೂ ಮಾಡಾಂಗಿಲ್ಲ. ಅವ್ರ ವೋಟರ್ಸ್ ಒಬ್ಬೊಬ್ಬರ ಕಮ್ಯುನಿಸ್ಟ್ ಕಡೆ ಜಾರಿದ್ರು. ಕಮ್ಯುನಿಸ್ಟರೋ, ಮಾಸ್ಕೋ ಹೇಳಿದಂಗ ಸೋಶಿಯಲ್ ಡೆಮಾಕ್ರಾಟ್ಸ್‌ನ ಅಸಲಿ ಶತ್ರು ಅಂತ ಬೈಕೊಂತ ಕುಂತ್ರು. 1925ರ ಅಧ್ಯಕ್ಷ ಚುನಾವಣ್ಯಾಗ ಹಿಂಡೆನ್‌ಬರ್ಗ್ ಗೆದ್ದದ್ದು ಸುಮಾರು 9 ಲಕ್ಷ ವೋಟಿಂದ, ಗೆಲ್ಲಾಂಗಿಲ್ಲ ಅಂತ ಗೊತ್ತಿದ್ರೂ ನಿಂತ ಕಮ್ಯುನಿಸ್ಟ್ ಥೇಲ್ಮಾನ್ ತಗೊಂಡಿದ್ದು 19 ಲಕ್ಷ. ಅವೆಲ್ಲಾ ಎದುರಿನ ಮಾರ್ಕ್ಸ್‌ಗ ಬೀಳ್ತಿದ್ದುವು ಅಂತ ಹೇಳಾಕ ಬರೂದಿಲ್ಲ (ಈ ಮಾರ್ಕ್ಸ್ ಬ್ಯಾರೆ, ವಿಲ್ಹೆಲ್ಮ್ ಮಾರ್ಕ್ಸ್, ಸೆಂಟರ್ ಪಾರ್ಟಿಯಂವ, ಹುಡುಗ್ರು ಪ್ರತಿ ವರ್ಷ ಕನ್‌ಫ್ಯೂಸ್ ಆಗ್ತಾರ). ಅದಕ್ಕಿಂತ ಹೊಟ್ಟಿ ಉರಿಯೂ ಮಾತಂದ್ರ ಬವೇರಿಯಾದ ಕ್ಯಾಥೊಲಿಕ್ ಪಕ್ಷ, ತಮ್ಮವನ ಆದ ಮಾರ್ಕ್ಸ್‌ನ ಬಿಟ್ಟು ಪ್ರಾಟೆಸ್ಟೆಂಟ್ ಹಿಂಡೆನ್‌ಬರ್ಗ್‌ಗ ಬೆಂಬಲ ಕೊಟ್ಟಿದ್ದು. 1932ರ ನವೆಂಬರ್‌ನಾಗ ಬರ್ಲಿನ್ ಟ್ರಾಮ್ ಮುಷ್ಕರದಾಗ ಕಮ್ಯುನಿಸ್ಟರೂ ನಾಜಿಗಳೂ ಕೂಡೇ ನಿಂತಿದ್ರು.

ಪಾಪೆನ್ ಮಾಡಿದ್ದು ಇನ್ನೂ ಒಂದೈತಿ, ಪುಸ್ತಕದಾಗ ಒಂದ ಸಾಲಿನಾಗ ಮುಗಿಸ್ತಾರ. 1932ರ ಜುಲೈ 20. ದೇಶದ ಐದು ಮಂದ್ಯಾಗ ಮೂರು ಮಂದಿ ಇದ್ದದ್ದು ಪ್ರಶ್ಯಾ ರಾಜ್ಯದಾಗ, ಅಲ್ಲಿ ಸೋಶಿಯಲ್ ಡೆಮಾಕ್ರಾಟ್ಸ್ ಮುಂದಾಳತ್ವದ ಸರ್ಕಾರ, ಪೊಲೀಸ್ ಪೂರಾ ಅವ್ರ ಕೈಯಾಗ. ಅಲ್ಟೋನಾ ಪ್ಯಾಟ್ಯಾಗ ನಾಜಿ ಮೆರವಣಿಗಿ ಹೊತ್ತಿನಾಗ ಗಲಾಟೆ ಆಗಿ 18 ಮಂದಿ ಸತ್ತದ್ದನ್ನ ನೆಪ ಮಾಡ್ಕೊಂಡು, ಅದ 48ನೇ ಕಲಂ ತಗದು, ಪಾಪೆನ್ ಆ ರಾಜ್ಯ ಸರ್ಕಾರವನ್ನ ಕಿತ್ತು ಹಾಕಿದ. ನಮ್ಮಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರೂ 356ನೇ ಕಲಂ ಓದಿದ ಹುಡುಗ್ರಿಗೆ ಇದು ಲಗೂನ ತಿಳಿತೈತಿ. 1920ರಾಗ ಕಾಪ್ ಅನ್ನಾಂವ ದಂಗೆ ಎದ್ದು ಬರ್ಲಿನ್ ಹಿಡದಾಗ ದೇಶದ ಕಾರ್ಮಿಕ್ರು ಒಂದ ಮಾತಿಗೆ ಕೆಲಸ ನಿಲ್ಲಿಸಿ ನಾಕೈದು ದಿನದಾಗ ಅವನ್ನ ಓಡಿಸಿದ್ರು. ಈ ಸಲ ಯಾರೂ ಕರೆ ಕೊಡ್ಲಿಲ್ಲ. 60 ಲಕ್ಷ ಮಂದಿ ಕೆಲಸಕ್ಕ ಬಾಯಿ ಬಿಡ್ಕೊಂಡು ನಿಂತಾಗ ಮುಷ್ಕರ ಮಾಡಾಂವ ಯಾರು? ಕೋರ್ಟಿಗೆ ಹೋದ್ರು. ಪ್ರಶ್ಯಾದ ಪೊಲೀಸ್ ಕೇಂದ್ರದ ಕೈಗೆ ಹೋತು, ಆರು ತಿಂಗಳ ಮ್ಯಾಲ ಹಿಟ್ಲರ್ ಚಾನ್ಸಲರ್ ಆದಾಗ ಆ ಪೊಲೀಸ್ ಹಿಟ್ಲರ್‌ನ ಬಲಗೈ ಗೋರಿಂಗ್ ಕೈಗೆ ರೆಡಿಮೇಡ್ ಸಿಕ್ತು. 1933ರ ಫೆಬ್ರವರಿಯಾಗ ಅಂವ 50 ಸಾವಿರ ಸಹಾಯಕ ಪೊಲೀಸ್ರನ್ನ ಭರ್ತಿ ಮಾಡ್ಕೊಂಡ, ಬಹುತೇಕ ತಮ್ಮ ಪಕ್ಷದ ಪಡೆಯವ್ರನ್ನ, ತೋಳಿಗೆ ಬಿಳಿ ಪಟ್ಟಿ ಕಟ್ಟಿ.

ಜನವರಿ 30ಕ್ಕ ಹೆಂಗ ಕರದ್ರು ಅನ್ನೂದು ಬರೇ ಒಳಜಗಳದ ಕಥಿ. ಶ್ಲೈಶರ್ ಪಾಪೆನ್‌ನ ಇಳಿಸಿ ಡಿಸೆಂಬರ್‌ನಾಗ ತಾನ ಚಾನ್ಸಲರ್ ಆದ. ಪಾಪೆನ್‌ಗ ಸೇಡು. ಜನವರಿ 4ಕ್ಕ ಕೊಲೋನ್‌ನಾಗ ಒಬ್ಬ ಬ್ಯಾಂಕರ್ ಮನ್ಯಾಗ ಹಿಟ್ಲರ್‌ನ ಭೆಟ್ಟಿ ಆದ, ಆಮ್ಯಾಲ ಮುದುಕ ಹಿಂಡೆನ್‌ಬರ್ಗ್‌ನ ಮಗನ್ನ ಹಿಡದ, ಮುದುಕನ ಮನಸ್ಸು ತಿರುಗಿಸಿದ. ಮಂತ್ರಿಮಂಡಲದಾಗ ಹಿಟ್ಲರ್ ಹಿಡದು ನಾಜಿಗಳು ಮೂರ ಮಂದಿ, ಉಳದವ್ರು ತಮ್ಮವ್ರು, ಪಾಪೆನ್ ತಾನ ಉಪಚಾನ್ಸಲರ್. ಎರಡು ತಿಂಗಳದಾಗ ಅವನ್ನ ಮೂಲ್ಯಾಗ ಒತ್ತಿಬಿಡ್ತೀವಿ ಅನ್ನೂದು ಅವನ ಲೆಕ್ಕ. ಹಿಟ್ಲರ್‌ಗ ಬೇಕಾಗಿದ್ದ ಮೂರು ಮಂದಿ ಯಾವ ಖಾತೆದಾಗ ಕುಂತಾರ ಅನ್ನೂದನ್ನ ಅಂವ ನೋಡ್ಲೇ ಇಲ್ಲ, ಚಾನ್ಸಲರ್, ಕೇಂದ್ರದ ಗೃಹ, ಪ್ರಶ್ಯಾದ ಗೃಹ.

ಆಮ್ಯಾಲಿಂದು ಎಲ್ಲಾರಿಗೂ ಗೊತ್ತಿದ್ದದ್ದ. ಫೆಬ್ರವರಿ 27ಕ್ಕ ರೈಖ್‌ಸ್ಟಾಗ್ ಕಟ್ಟಡಕ್ಕ ಬೆಂಕಿ, ಮರುದಿನ 48ನೇ ಕಲಂ ಕೆಳಗ ಆಜ್ಞೆ, ಮಾತು, ಪತ್ರಿಕೆ, ಸಭಾ, ಎಲ್ಲಾ ಸ್ವಾತಂತ್ರ್ಯ ಬಂದ್. ಆ ಆಜ್ಞೆಗೆ ಸಹಿ ಹಾಕಿದ ಕೈ ಮೂರು ವರ್ಷದಿಂದ ಆಜ್ಞೆಗೆ ಸಹಿ ಹಾಕಿ ರೂಢಿ ಆದ ಕೈ. ಮಾರ್ಚ್ 23ಕ್ಕ ಕ್ರೋಲ್ ಒಪೆರಾ ಹೌಸಿನಾಗ ಸಭಾ ಸೇರಿತು, ಗ್ಯಾಲರಿ ತುಂಬ ಕಂದು ಅಂಗಿ, 81 ಕಮ್ಯುನಿಸ್ಟ್ ಸದಸ್ಯರು ಒಳಗ ಬರಾಂಗಿಲ್ಲ. ಸರ್ಕಾರವ ಕಾನೂನು ಮಾಡ್ಬಹುದು ಅನ್ನೂ ಮಸೂದೆ, ಮೂರನೇ ಎರಡು ಬಹುಮತ ಬೇಕು. ಸೆಂಟರ್ ಪಾರ್ಟಿ ಹೂಂ ಅಂತು. ಸೋಶಿಯಲ್ ಡೆಮಾಕ್ರಾಟ್ ನಾಯಕ ಒಟ್ಟೋ ವೆಲ್ಸ್ ಒಬ್ಬಾಂವ ಎದ್ದು ಅಷ್ಟು ಮಂದಿ ನಡುವ ಬ್ಯಾಡ ಅಂದ, ನಮ್ಮ ಜೀವ, ಸ್ವಾತಂತ್ರ್ಯ ಕಸಗೋಬಹುದು, ಮಾನ ಕಸಗೊಳ್ಳಾಕ ಆಗೂದಿಲ್ಲ ಅಂದ. 444 ಪರ, 94 ವಿರುದ್ಧ. ಆ 94ರಾಗ ಎಲ್ಲಾರೂ ಅವನ ಪಕ್ಷದವ್ರ. ಮೂರು ವರ್ಷದ ಹಿಂದ ಅರ್ಧ ಪರ್ಸೆಂಟಿಗೆ ಸರ್ಕಾರ ಬಿಟ್ಟು ಎದ್ದ ಪಕ್ಷನೂ ಅದ, ಇದನ್ನ ನಾ ಕ್ಲಾಸಿನಾಗ ಮುದ್ದಾಂ ಎರಡು ಸಲ ಹೇಳ್ತೀನಿ.

ಯಾರು ಏನಾದ್ರು ಅಂತ ಆ ಶಿಗ್ಗಾವಿ ಹುಡುಗಿ ಮತ್ತ ಕೇಳಿದ್ಲು. ಮ್ಯುಲರ್ 1931ರಾಗ ಸತ್ತಿದ್ದ. ಶ್ಲೈಶರ್‌ನ, ಅವನ ಹೆಂಡ್ತಿನ್ನ 1934ರ ಜೂನ್ 30ಕ್ಕ ಅವ್ರ ಮನ್ಯಾಗ ಗುಂಡಿಟ್ಟು ಕೊಂದ್ರು. ಬ್ರೂನಿಂಗ್ ತಪ್ಪಿಸ್ಕೊಂಡು ಅಮೆರಿಕಾಕ್ಕ ಹೋಗಿ ಹಾರ್ವರ್ಡ್‌ನಾಗ ಮಾಸ್ತರಕಿ ಮಾಡಿದ. ವೆಲ್ಸ್ 1939ರಾಗ ಪ್ಯಾರಿಸ್‌ನಾಗ ದೇಶಭ್ರಷ್ಟ ಆಗಿ ಸತ್ತ, ಥೇಲ್ಮಾನ್‌ನ 11 ವರ್ಷ ಜೇಲಿನಾಗ ಇಟ್ಟು 1944ರಾಗ ಬುಖೆನ್‌ವಾಲ್ಡ್‌ನಾಗ ಕೊಂದ್ರು. ಪಾಪೆನ್‌ನ ನ್ಯೂರೆಂಬರ್ಗ್ ಕೋರ್ಟ್ 1946ರಾಗ ಖುಲಾಸೆ ಮಾಡ್ತು, ಆಮ್ಯಾಲ ಜರ್ಮನ್ ಕೋರ್ಟ್ ಎಂಟು ವರ್ಷ ಹಾಕ್ತು, 1949ಕ್ಕ ಹೊರಗ ಬಂದ. ಆಮ್ಯಾಲ ತನ್ನ ಆತ್ಮಚರಿತ್ರೆ ಬರದು, ತಂದೇನೂ ತಪ್ಪಿಲ್ಲ ಅಂತ ವಾದ ಮಾಡಿ, 1969ರಾಗ ಹಾಸಿಗಿ ಮ್ಯಾಲ ಸತ್ತ, 89 ವರ್ಷ ಆಗಿತ್ತು.